ಸಮಯ ಹಿಡಿಯುವವಳು

ನಮ್ಮ ಕೊಳ ಗಿಡ್ಡ.
ಕಲ್ಲುಗಣಿಯವರು ವಾರಕ್ಕೊಂದು ಪೆನ್ನಿ ಕೂಡಿಸಿ ಕಟ್ಟಿಸಿದ್ದು,
ಗಜದ ಲೆಕ್ಕದಲ್ಲಿ. ಮೀಟರು ಈ ಕಣಿವೆಗೆ
ಇನ್ನೂ ಬಂದಿರಲಿಲ್ಲ.
ಹಾಗಾಗಿ ಪಂದ್ಯಕ್ಕೆಂದು ಹೊರಗೆ ಹೋದಾಗಲೆಲ್ಲ
ನಮ್ಮ ಮಕ್ಕಳು ಇಲ್ಲದ ಗೋಡೆಗೆ ಕೈಚಾಚುತ್ತಾರೆ,
ಎರಡು ಮೀಟರು ಮೊದಲೇ,
ಆಮೇಲೆ ನಾಚಿಕೊಂಡು ಮುಂದುವರಿಯುತ್ತಾರೆ.

ನಾನು ಎಲ್ಯೂನೆಡ್ ಪ್ರೋಥೆರೊ,
ಮೂರನೆಯ ಸಾಲಿನ ಗಡಿಯಾರದವಳು.
ಮೂವತ್ತೊಂದು ವರ್ಷ. ನನಗೆ ಈಜು ಬಾರದು.
ಬಿಳಿ ಅಂಗಿ, ಒದ್ದೆ ಬೂಟು, ಕೊರಳಲ್ಲೊಂದು ಹುರಿ,
ಹುರಿಯ ತುದಿಯಲ್ಲಿ ಊರಿನ ಮಾನ.

ಬಾಗಿಲ ಬಳಿ, ಕೆಟ್ಟುನಿಂತ ಟೀ ಯಂತ್ರದ ಪಕ್ಕ,
ದಾಖಲೆಗಳ ಹಲಗೆ. ಅದರಲ್ಲಿ ಒಂದು ಸಾಲು:
ಅಂಗಾತ ಈಜು, ಹುಡುಗಿಯರು, ಕೆರಿಸ್ ಮೆರೆಡಿತ್,
ಒಂದು ನಿಮಿಷ, ನಾಲ್ಕು ಸೆಕೆಂಡು, ಮೇಲೆ ಆರು ಹತ್ತಾಂಶ.
ಇಪ್ಪತ್ತೆರಡು ವರ್ಷ ಯಾರಿಗೂ ಅಳಿಸಲಾಗಲಿಲ್ಲ.

ಅಳಿಸುವುದು ಹೇಗೆ?
ಅದನ್ನು ಕೆರಿಸೂ ಈಜಿರಲಿಲ್ಲ.

ಆ ಸಂಜೆ ಒಂದು ಗಡಿಯಾರದ ಸೆಲ್ಲು ಸತ್ತಿತ್ತು,
ಇನ್ನೊಂದನ್ನು ಹಿಡಿದ ಡಿಲ್ವಿನ್ ಕೆಟಲ್ ಆರಿಸಲು ಓಡಿದ್ದ.
ಇದ್ದವಳು ನಾನೊಬ್ಬಳೇ.
ಕೆರಿಸ್ ಬರುತ್ತಿದ್ದಳು, ನೀರನ್ನು ಹಿಂದಕ್ಕೆ ಎಸೆಯುತ್ತ,
ಚಾವಣಿ ಅದುರುವಂತೆ ಊರೆಲ್ಲ ಕೂಗುತ್ತ,
ಆ ಕೂಗಿನಲ್ಲಿ ನನ್ನದೂ ಒಂದು ಗಂಟಲು.
ಅವಳ ಕೈ ಎದ್ದಾಗ ಒತ್ತಿಬಿಟ್ಟೆ.
ಗೋಡೆ ಮುಟ್ಟಿದಾಗ ಅಲ್ಲ.
ಅರ್ಧ ಸೆಕೆಂಡು ಇರಬಹುದು,
ಒಂದು ಬಿಕ್ಕಳಿಕೆಯಷ್ಟು.

ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.
ಅವಳನ್ನು ಆಗಲೇ ಹೆಗಲ ಮೇಲೆ ಎತ್ತಿಕೊಂಡಿದ್ದರು,
ಬಣ್ಣದವನು ಆಗಲೇ ಏಣಿ ಹುಡುಕುತ್ತಿದ್ದ.

ಆಮೇಲೆ ಆ ಅಂಕಿಯ ಬೆನ್ನು ಹತ್ತಿದವರನ್ನು ನೋಡಿ:
ಲೂನೆಡ್, ಚಳಿಗಾಲದ ಐದು ಗಂಟೆಗೆ, ಕೂದಲಲ್ಲಿ ಮಂಜು ಕಟ್ಟಿಸಿಕೊಂಡು.
ಕಟುಕರ ಅಂಗಡಿಯ ಅವಳಿಗಳು.
ಬೆಥಾನ್ ಹಾಪ್ಕಿನ್, ಐದು ಸೆಕೆಂಡಿಗೆ ನಿಂತುಹೋಗಿ
ಬಟ್ಟೆ ಬದಲಿಸುವ ಕೋಣೆಯಲ್ಲಿ ಬಿಕ್ಕಿದವಳು.
ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತವಳು ನಾನೇ.
ಆದರೂ, ಆ ಸುಳ್ಳನ್ನು ಅಟ್ಟಿಸಿಕೊಂಡು ಹೋಗಿಯೇ
ಸ್ವಾನ್ಸಿಯಲ್ಲಿ ಎರಡು ಕಂಚು,
ಕಾರ್ಡಿಫ್‌ನಲ್ಲಿ ರಿಲೇಗೆ ಬೆಳ್ಳಿ,
ಐವತ್ತು ಮೀಟರಿನ ನೀರಲ್ಲಿ ಬೆಳೆದವರನ್ನು
ನಮ್ಮ ಗಿಡ್ಡ ಕೊಳದ ಮಕ್ಕಳು ಹಿಂದೆ ಹಾಕಿದ್ದು.
ಇದಕ್ಕೆ ಪಾಪ ಎನ್ನಲೋ, ಪುಣ್ಯ ಎನ್ನಲೋ,
ಪಾದ್ರಿಯನ್ನೂ ಕೇಳಲಿಲ್ಲ.

ಕಳೆದ ಶನಿವಾರ ಹೆಲೆದ್.
ಹದಿನಾಲ್ಕು ವರ್ಷ, ಹಲ್ಲಿಗೆ ತಂತಿ,
ಒಂದು ಭುಜ ಇನ್ನೊಂದಕ್ಕಿಂತ ಎತ್ತರ.
ಮೂರು ಗಡಿಯಾರ, ಮೂರೂ ಜೀವಂತ.
ನಾನು ಉಸಿರು ಬಿಗಿಹಿಡಿದು ಅವಳ ಬೆರಳ ತುದಿಯನ್ನೇ ನೋಡಿದೆ,
ಎದ್ದಿತು, ಒತ್ತಲಿಲ್ಲ,
ಇಳಿಯಿತು, ಒತ್ತಲಿಲ್ಲ,
ಮುಟ್ಟಿತು.

ಒಂದು, ನಾಲ್ಕು, ಐದು.
ಮೂರರಲ್ಲೂ ಅದೇ.
ಹತ್ತಾಂಶ ಒಂದು ಕಡಿಮೆ, ಹಲಗೆಗೆ ಅಷ್ಟು ಸಾಕು.
ಆ ವೇಗದಲ್ಲಿ ಈ ನೀರನ್ನು ದಾಟಿದ
ಮೊದಲನೆಯವಳು ಅವಳೆಂದು
ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.
ಹಾಗೆಂದುಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಬಸ್ ಹತ್ತಿದೆ.
ಕೆರಿಸ್ ಈಗ ಇಪ್ಪತ್ತಮೂರನೆಯ ನಂಬರಿನ ಚಾಲಕಿ,
ಸೊಂಟದ ಸುತ್ತ ಒಂದು ಗಾಳಿತುಂಬಿದ ದಿಂಬು.
ದಾಖಲೆ ಹೋಯಿತಂತೆ, ಎಂದೆ. ಹೂಂ, ಎಂದಳು.
ಕೆರಿಸ್, ನಿನಗೊಂದು ಮಾತು ಹೇಳಬೇಕು, ಎಂದೆ.
ಗೇರು ಬದಲಿಸಿ, ಕನ್ನಡಿಯಲ್ಲಿ ನನ್ನತ್ತ ನೋಡಿದಳು:

ಅಂಗಾತ ಈಜುವವಳು, ಎಲ್ಯೂನೆಡ್,
ಮೇಲೆ ನೋಡುತ್ತಾಳೆ.
ನೀನು ಬಗ್ಗಿದ್ದೆ. ಹೆಬ್ಬೆರಳು ಕಂಡಿತು.
ಆಮೇಲೆ ಗೋಡೆ ಸಿಕ್ಕಿತು.

ಎಷ್ಟು ಚಳಿ ಇವತ್ತು, ಎಂದಳು.
ಟಿಕೆಟ್ ತಗೊ.